ಮುಖದ ಶಸ್ತ್ರಕ್ರಿಯೆಯ ಅನಂತರದ ಕಳವಳ

ಗದ್ದ, ಕೆನ್ನೆ, ದವಡೆಯ ಮೂಲೆ ಇವುಗಳ ಆಕಾರವನ್ನು ತಿದ್ದುವ ಸಲುವಾಗಿ, ಮಾಂಸದ ಕೆಳಗೆ ಮೂಳೆಗೆ ಒತ್ತಾಗಿ ಸಿಲಿಕೋನಿನ ಅಥವಾ ಸೂಕ್ಷ್ಮರಂಧ್ರಗಳುಳ್ಳ ಪಾಲಿಎಥಿಲೀನಿನ ತುಂಡೊಂದನ್ನು ಕೂರಿಸುವ ಶಸ್ತ್ರಕ್ರಿಯೆ ಈಗ ಅಪೂರ್ವವಾದುದಲ್ಲ. ಇದರಲ್ಲಿ ವೈದ್ಯನ ಕೆಲಸ ಕೆಲವು ಗಂಟೆಗಳೊಳಗೆ ಮುಗಿಯುತ್ತದೆ. ರೋಗಿಯ ಕಷ್ಟ (ರೋಗವಿಲ್ಲದವನನ್ನೂ ರೋಗಿಯೆಂದೇ ಕರೆಯಬೇಕಾಗಿದೆ, ಬೇರೆ ಮಾತು ನಮ್ಮಲ್ಲಿಲ್ಲ) ಅಲ್ಲಿಂದ ಮುಂದೆ ಆರಂಭವಾಗುತ್ತದೆ. ಗದ್ದ ತೀರ ದೊಡ್ಡದಾಯಿತೆ? ಎಡಬಲಗಳು ಸಮನಾಗಿಲ್ಲವೆ? ನಗು ಏಕೆ ಸೊಟ್ಟಗಾಯಿತು? ಈ ಪ್ರಶ್ನೆಗಳನ್ನು ಭ್ರಮೆಯೆಂದು ತಳ್ಳಿಹಾಕುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಅದು ಸರಿಯಲ್ಲ. ಮೊದಲ ವಾರಗಳಲ್ಲಿ ಗದ್ದ ದೊಡ್ಡದಾಗಿರುವುದೂ ನಗು ಸೊಟ್ಟಗಿರುವುದೂ ನಿಜವೇ. ಅದನ್ನು ಶಸ್ತ್ರಕ್ರಿಯೆಯ ಫಲವೆಂದು ತಿಳಿಯುವುದರಲ್ಲಿ ಮಾತ್ರ ತಪ್ಪಿದೆ.

ಗದ್ದದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಾಯೊಳಗಿನಿಂದಾಗಲಿ ಗದ್ದದ ಅಡಿಯಿಂದಾಗಲಿ ಕೊಯ್ದು, ಮೂಳೆಯ ಹೊದಿಕೆಯನ್ನು ಬಿಡಿಸಿ, ಸಣ್ಣ ಚೀಲದಂಥ ಎಡೆಯನ್ನು ಮಾಡಿ ಅದರಲ್ಲಿ ತುಂಡನ್ನು ಇಡುತ್ತಾರೆ. ಹೀಗೆ ಬಿಡಿಸುವಾಗ ಸೂಕ್ಷ್ಮ ರಕ್ತನಾಳಗಳೂ ದುಗ್ಧರಸನಾಳಗಳೂ ಕಡಿದುಹೋಗುತ್ತವೆ. ಗಾಯಕ್ಕೆ ಉತ್ತರವಾಗಿ ಒಸರಿದ ದ್ರವ ಹೊರಹೋಗಲು ದಾರಿ ಸಾಲದೆ ಅಲ್ಲಿಯೇ ನಿಲ್ಲುತ್ತದೆ. ಬಾವು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನ ಶಿಖರಕ್ಕೇರುವುದು. ಆದುದರಿಂದ ಮೊದಲ ದಿನಕ್ಕಿಂತ ಮೂರನೆಯ ದಿನ ಮುಖ ಕೆಟ್ಟದಾಗಿ ಕಂಡರೆ ಅದು ನಿರೀಕ್ಷಿತವೇ. ಹೆಚ್ಚಿನ ಭಾಗ ಎರಡು ಮೂರು ವಾರಗಳಲ್ಲಿ ಇಳಿಯುತ್ತದೆ. ಉಳಿದ ಅಲ್ಪಾಂಶ ಹೊರನೋಟಕ್ಕೆ ಬಾವಿನಂತೆ ಕಾಣದೆ, ಮುಖದ ಆಕಾರವೇ ಹಾಗೆಂಬಂತೆ ತಿಂಗಳುಗಟ್ಟಲೆ ನಿಂತುಬಿಡಬಹುದು. ಕಳವಳಕ್ಕೆ ಎಡೆಗೊಡುವುದು ಮುಖ್ಯವಾಗಿ ಈ ಶೇಷವೇ. ಬೆಳಗ್ಗೆ ಎದ್ದಾಗ ಅದು ಹೆಚ್ಚು, ಸಂಜೆಗೆ ಕಡಮೆ. ಒಂದೇ ಮಗ್ಗುಲಲ್ಲಿ ಮಲಗಿದವನಿಗೆ ಆ ಕಡೆ ಹೆಚ್ಚು. ಒಳಗಿರುವ ಸಿಲಿಕೋನ್ ಮಾತ್ರ ಬೆಳಗ್ಗೆ ಸಂಜೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ದಿನದೊಳಗೆ ಏರಿಳಿಯುವ ಅಸಮತೆ ತುಂಡಿನದಲ್ಲ, ದ್ರವದ್ದು ಎಂಬ ಊಹೆಗೆ ಇದೇ ಆಧಾರ.

ನಗುವಿನ ಕಾರಣ ಬೇರೆ. ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನವನ್ನು ಒದಗಿಸುವ ನರ ದವಡೆಮೂಳೆಯ ರಂಧ್ರವೊಂದರಿಂದ, ಕಿರುದವಡೆ ಹಲ್ಲುಗಳ ಕೆಳಗೆ, ಹೊರಬೀಳುತ್ತದೆ. ಶಸ್ತ್ರಕ್ರಿಯೆಯಲ್ಲಿ ಅದು ಎಳೆಯಲ್ಪಟ್ಟರೆ ತುಟಿ ಮರಗಟ್ಟುತ್ತದೆ. ಗದ್ದದ ಸ್ನಾಯುವೂ ಬಿಗಿದುಕೊಂಡಿರುತ್ತದೆ. ಇವೆರಡೂ ಬಹುಮಟ್ಟಿಗೆ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಸರಿಹೋಗುತ್ತವೆ.

ಇನ್ನು ನೋಡುವ ಕಣ್ಣಿನ ವಿಚಾರ. ನಮ್ಮ ಮುಖವನ್ನು ನಾವು ಬಲ್ಲುದು ಕನ್ನಡಿಯಿಂದ, ಎಂದರೆ ಎಡಬಲ ತಿರುಗುಮುರುಗಾಗಿ. 1977ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಮ್ಮ ಭಾವಚಿತ್ರದ ಎರಡು ಪ್ರತಿಗಳಲ್ಲಿ ಕನ್ನಡಿಯಂತಿರುವುದನ್ನು ಹೆಚ್ಚಾಗಿ ಮೆಚ್ಚಿದವರು ಚಿತ್ರದಲ್ಲಿದ್ದವರು. ಅವರ ಸ್ನೇಹಿತರು ಮೆಚ್ಚಿದ್ದು ಮತ್ತೊಂದನ್ನು. ರೂಢಿಯೇ ರುಚಿಯನ್ನು ಇಷ್ಟು ಆಳುವುದಾದರೆ, ಹಠಾತ್ತಾಗಿ ಬದಲಾದ ಮುಖ ಮೊದಲು ಪರಕೀಯವಾಗಿ ತೋರುವುದರಲ್ಲಿ ಆಶ್ಚರ್ಯವೇನು? ಇದರ ಮೇಲೆ ಕೈಯಲ್ಲಿ ಹಿಡಿದ ಫೋನಿನ ಕ್ಯಾಮರ ಬೇರೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮುಂದಿರುವ ಭಾಗ ಹಿಗ್ಗಿ ಕಾಣುತ್ತದೆ. 2018ರ ಒಂದು ಗಣಿತದ ಲೆಕ್ಕದಂತೆ, 5 ಅಡಿ ದೂರದ ಚಿತ್ರಕ್ಕಿಂತ 12 ಅಂಗುಲ ದೂರದ ಚಿತ್ರದಲ್ಲಿ ಮೂಗಿನ ಬುಡ ಸುಮಾರು ಶೇಕಡ 30ರಷ್ಟು ಅಗಲವಾಗಿ ತೋರುವುದು.

ನ್ಯೂಯಾರ್ಕಿನ ಶಸ್ತ್ರವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಸ ಮುಖಕ್ಕೆ ಮನಸ್ಸು ಹೊಂದಿಕೊಳ್ಳಲು ಕಡಮೆಯೆಂದರೆ ಸುಮಾರು 21 ದಿನಗಳು ಬೇಕೆಂದು ಹೇಳಿದ್ದಾನೆ. ‘ಕಡಮೆಯೆಂದರೆ’ ಎಂಬ ಮಾತನ್ನು ಮುಂದೆ ಅನೇಕರು ಕೈಬಿಟ್ಟು, ಯಾವ ಅಭ್ಯಾಸವಾದರೂ 21 ದಿನಗಳಲ್ಲಿ ನೆಲೆಗೊಳ್ಳುವುದೆಂಬ ಸೂತ್ರವನ್ನು ಕಟ್ಟಿದರು. ಅದು ಪ್ರಯೋಗದಿಂದ ಬಂದ ಸಂಖ್ಯೆಯಲ್ಲ, ವೈದ್ಯನೊಬ್ಬನ ಅನುಭವದ ಮಾತು. ಇಪ್ಪತ್ತೆರಡನೆಯ ದಿನ ನೆಮ್ಮದಿ ಬಾರದವನು ಗಾಬರಿಗೊಳ್ಳಬೇಕಾಗಿಲ್ಲ.

ಗಾಬರಿಗೊಳ್ಳಬೇಕಾದ ಸಂದರ್ಭಗಳೂ ಇವೆ. ‘ತಾಳ್ಮೆಯಿಂದಿರಿ’ ಎಂಬ ಉಪದೇಶ ಅವನ್ನು ಮರೆಸಬಾರದು. ಒಂದು ಕಡೆ ಮಾತ್ರ ಥಟ್ಟನೆ ಬಿಗಿಯಾಗಿ ಉಬ್ಬಿದರೆ ಒಳಗೆ ರಕ್ತ ಕಟ್ಟಿರಬಹುದು. ಕಡಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಕೆಂಪು ಹರಡಿದರೆ, ಜ್ವರ ಬಂದರೆ, ಹೊಲಿಗೆಯಿಂದ ಕೀವು ಒಸರಿದರೆ ಸೋಂಕಿನ ಶಂಕೆ. ಕೂರಿಸಿದ ತುಂಡು ಕೈಗೆ ಸಿಗುವಂತೆ ಸರಿದಿದ್ದರೆ ಅದನ್ನೂ ತೋರಿಸಬೇಕು. ಇಂಥಲ್ಲಿ ಆ ದಿನವೇ ವೈದ್ಯನ ಬಳಿ ಹೋಗುವುದು ಯುಕ್ತ. ಉಸಿರಾಟಕ್ಕೆ ಅಡ್ಡಿಯಾದರೆ ಗಂಟೆಗಳೂ ಅಮೂಲ್ಯ.

ಮತ್ತೊಂದು ವರ್ಗದವರು ಬಾವು ಇಳಿದ ಮೇಲೂ ಕನ್ನಡಿಯನ್ನು ಬಿಡಲಾರರು. ಇಲ್ಲದ ಅಥವಾ ಅತ್ಯಲ್ಪವಾದ ವಿಕಾರವನ್ನು ಕುರಿತ ಈ ಗೀಳಿಗೆ ಇಟಲಿಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲಿಯೇ ಹೆಸರಿಟ್ಟಿದ್ದನು. ಇಂಥವರಿಗೆ ಶಸ್ತ್ರಕ್ರಿಯೆಯಿಂದ ಸಮಾಧಾನ ದೊರೆಯುವುದು ವಿರಳ. ಇವರ ಚಿಕಿತ್ಸೆ ಮಾನಸಿಕ ವೈದ್ಯರದು, ಅದೂ ಸಾಧ್ಯವಾದರೆ ಕತ್ತಿ ತಾಕುವ ಮುನ್ನವೇ.

ಇವೆರಡಕ್ಕೂ ಸೇರದವನು, ಎಂದರೆ ಬಹುಪಾಲು ಜನ, ದಿನಕ್ಕೆ ಹತ್ತು ಸಲ ಕನ್ನಡಿ ನೋಡುವುದರ ಬದಲು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಒಂದೇ ದೂರದಿಂದ, ಬೇರೊಬ್ಬರ ಕೈಯಿಂದ ಚಿತ್ರ ತೆಗೆಸಿಕೊಳ್ಳುವುದು ಮೇಲು. ತೊಡಕುಗಳಿಲ್ಲದಿದ್ದರೆ ಕೇವಲ ಆಕಾರವನ್ನು ತಿದ್ದಲು ವೈದ್ಯರು ಸಾಮಾನ್ಯವಾಗಿ ಕೆಲವು ತಿಂಗಳು ಕಾಯುತ್ತಾರೆ. ಬಾವು ತುಂಬಿದ ಮುಖಕ್ಕೆ ಅಳತೆ ಹಿಡಿದು ಎರಡನೆಯ ಸಲ ಕೊಯ್ದರೆ ಆ ಅಳತೆ ಮುಂದೆ ಹೊಂದದು. ಆ ಅವಧಿ ಕಳೆದ ಮೇಲೂ ಗದ್ದ ದೊಡ್ಡದೆಂದೇ ತೋರಿದರೆ, ಸಿಲಿಕೋನಿನ ತುಂಡನ್ನು ತೆಗೆಯುವುದೂ ಬದಲಿಸುವುದೂ ಸಾಧ್ಯ. ಸುತ್ತಲೂ ನಾರಿನ ಪೊರೆಯೊಂದು ಬೆಳೆದು ಅದನ್ನು ಬೇರೆಯಾಗಿ ಇಟ್ಟಿರುತ್ತದೆ. ಪಾಲಿಎಥಿಲೀನಿನ ರಂಧ್ರಗಳೊಳಗೆ ಮಾಂಸವೇ ಬೆಳೆದುಕೊಳ್ಳುವುದರಿಂದ ಅದನ್ನು ಹೊರತೆಗೆಯುವುದು ಹೆಚ್ಚು ಕಷ್ಟ.