ಸಿಮ್ ಬಂತು, ಕೀಲಿ ಬರಲಿಲ್ಲ

ನಿಗಡಿಯ ಪ್ರಾಧಿಕರಣದಲ್ಲಿ ನಮ್ಮ ಮೇಲಿನ ಮನೆಯ ಕಾಕಾ ವಿಜಯಪುರದ ಕಡೆಯವರು. ಭೋಸರಿ ಎಂಐಡಿಸಿಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದ ರಾತ್ರಿ ಬಂದು ಬಾಗಿಲು ಬಡಿದರು.

"ನಂಬರ್ ಹಂಗ ಐತಿ, ಸಿಮ್ ಹಂಗ ಐತಿ, ಪಾಸ್‌ವರ್ಡೂ ನೆನಪೈತಿ. ಮತ್ತ್ಯಾಕ ಒಳಗ ಬಿಡವಲ್ದು ತಮ್ಮಾ ಇದು?"

ಅಥೆಂಟಿಕೇಟರ್ ಆಪ್‌ನಲ್ಲಿರುವ ಆರು ಅಂಕಿ ಹಾಕಿ ಎಂದು ಮೇಲ್ ಕೇಳುತ್ತಿತ್ತು. ಆ ಆಪನ್ನೂ ಅವರು ಹೊಸ ಫೋನಿಗೆ ಇಳಿಸಿಕೊಂಡಿದ್ದರು. ತೆರೆದು ತೋರಿಸಿದರು: ಬಿಳಿ ಪರದೆ, ಮೂಲೆಯಲ್ಲೊಂದು ಕೂಡಿಸುವ ಗುರುತು, ಬೇರೇನಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಮಗ ರಜೆಗೆ ಬಂದಾಗ ಹಾಕಿಕೊಟ್ಟು ಹೋಗಿದ್ದ ವ್ಯವಸ್ಥೆ ಅದು. ಪಿಂಚಣಿಯ ಕಾಗದಪತ್ರ, ಸೊಸೈಟಿಯ ಲೆಕ್ಕ, ಮೊಮ್ಮಗಳ ಫೋಟೊ ಎಲ್ಲವೂ ಆ ಮೇಲ್‌ನಲ್ಲಿ.

ಕಾಕಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೆಯ ಪರಿಶೀಲನೆ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲೇ ಕಡ್ಡಾಯ ಮಾಡಿತು. ಅಂದಿನಿಂದ ನಮಗೆ ಓಟಿಪಿ ಎಂದರೆ ಎಸ್ಎಂಎಸ್, ಎಸ್ಎಂಎಸ್ ಎಂದರೆ ನಮ್ಮ ನಂಬರು. ಯುಪಿಐ ಆಪ್‌ಗಳೂ ಸಿಮ್‌ನಿಂದಲೇ ಒಂದು ಸಂದೇಶ ಕಳಿಸಿ ಹೊಸ ಫೋನನ್ನು ಗುರುತಿಸಿಕೊಳ್ಳುತ್ತವೆ. ಸಂಜೆಯೇ ಕಾಕಾರ ಯುಪಿಐ ನಡೆಯತೊಡಗಿದ್ದು ಹಾಗೆ. ಅಥೆಂಟಿಕೇಟರ್‌ಗೆ ಮಾತ್ರ ಸಿಮ್ ಸಂಬಂಧವೇ ಇಲ್ಲ. ಅದರ ಅಂಕಿಗಳು ಹೊರಗಿನಿಂದ ಬರುವುದೂ ಇಲ್ಲ. ಫೋನೇ ಅವನ್ನು ಲೆಕ್ಕ ಹಾಕಿ ತೆಗೆಯುತ್ತದೆ.

ಮೊದಲ ದಿನ ನಾವು ಸ್ಕ್ಯಾನ್ ಮಾಡುವ ಕ್ಯೂಆರ್ ಚೌಕದೊಳಗೆ ಒಂದು ಗುಟ್ಟಿನ ಕೀಲಿ ಇರುತ್ತದೆ. (ಈ ಕ್ಯೂಆರ್ ಕೋಡೂ ಕಾರ್ಖಾನೆಯ ಕೂಸೇ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಅವರ ತಂಡ ವಾಹನದ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ಮಾಡಿತು. ಇದನ್ನು ಕೇಳಿ ಕಾಕಾರ ಮುಖ ಆ ಚಿಂತೆಯಲ್ಲೂ ಅರಳಿತು.) ಕೀಲಿಯ ಒಂದು ಪ್ರತಿ ಕಂಪನಿಯ ಕಂಪ್ಯೂಟರಿನಲ್ಲಿ, ಇನ್ನೊಂದು ನಮ್ಮ ಫೋನಿನಲ್ಲಿ. 1970ರ ಜನವರಿ 1ರಿಂದ ಈಗಿನವರೆಗೆ ಮೂವತ್ತು ಸೆಕೆಂಡಿನ ತುಂಡುಗಳು ಎಷ್ಟು ಕಳೆದವೆಂದು ಎರಡೂ ಕಡೆ ಎಣಿಸಿ, ಆ ಸಂಖ್ಯೆಯನ್ನು ಕೀಲಿಯ ಜೊತೆ ಗಣಿತದಲ್ಲಿ ಅರೆದು, ಕೊನೆಯ ಆರು ಅಂಕಿಗಳನ್ನು ಉಳಿಸಿಕೊಳ್ಳುತ್ತವೆ. 2011ರಲ್ಲಿ ಪ್ರಕಟವಾದ ಮಾನಕ ಇದು. ಒಂದೇ ಡ್ರಾಯಿಂಗ್ ಇಟ್ಟುಕೊಂಡು ಭೋಸರಿಯಲ್ಲೊಬ್ಬ, ಚಾಕಣದಲ್ಲೊಬ್ಬ ಮಾಡಿದ ಪಾರ್ಟುಗಳು ಒಂದಕ್ಕೊಂದು ಕೂಡುತ್ತವಲ್ಲ, ಹಾಗೆ. ಇಬ್ಬರೂ ಮಾತಾಡಿಕೊಳ್ಳಬೇಕಿಲ್ಲ. ಅದಕ್ಕೇ ನೆಟ್‌ವರ್ಕ್ ಇಲ್ಲದ ಘಾಟಿನಲ್ಲೂ ಈ ಆಪ್ ಅಂಕಿ ಕೊಡುತ್ತದೆ. ಗಡಿಯಾರವೊಂದು ಸರಿ ಇದ್ದರೆ ಸಾಕು.

"ಅಂದ್ರ ಡ್ರಾಯಿಂಗು ಹಳೇ ಫೋನಿನ್ಯಾಗ ಹೋತು," ಎಂದರು ಕಾಕಾ.

ಹೌದು. ಅಂಗಡಿಯವನು ಕಣ್ಣೆದುರೇ ಫ್ಯಾಕ್ಟರಿ ರೀಸೆಟ್ ಮಾಡಿದ್ದ. ಮಾಡಿರದಿದ್ದರೆ, ಸಿಮ್ ತೆಗೆದ ಆ ಹಳೆಯ ಫೋನೇ ವೈಫೈ ಕೂಡ ಇಲ್ಲದೆ ಅಂಕಿ ತೋರಿಸುತ್ತಿತ್ತು. ಹಾಗಾಗಿ ಹಳೆಯದನ್ನು ಕೈಬಿಡುವ ಮೊದಲೇ ಹೊಸದಕ್ಕೆ ಖಾತೆಗಳನ್ನು ದಾಟಿಸಬೇಕು. ಗೂಗಲ್‌ನ ಅಥೆಂಟಿಕೇಟರ್‌ನಲ್ಲಿ ಒಂದು ಫೋನಿನ ಕ್ಯೂಆರನ್ನು ಇನ್ನೊಂದರಿಂದ ಸ್ಕ್ಯಾನ್ ಮಾಡಿದರೆ ಆಯಿತು. 2023ರ ಏಪ್ರಿಲ್‌ನಿಂದ ಅದರಲ್ಲಿ ಕೀಲಿಗಳನ್ನು ಗೂಗಲ್ ಖಾತೆಯಲ್ಲೇ ಉಳಿಸಿಡುವ ಸೌಲಭ್ಯವೂ ಇದೆ. ಆದರೆ ಅದೇ ಖಾತೆಗೆ ಹೋಗಲು ಅದೇ ಆಪಿನ ಅಂಕಿ ಬೇಕಾಗಿ ಬಂದರೆ, ತಿಜೋರಿಯ ಕೀಲಿಯನ್ನು ತಿಜೋರಿಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತೆ.

ಕೀಲಿ ಹೋದ ಮೇಲೆ ಮೊದಲು ಹುಡುಕಬೇಕಾದ್ದು ಮನೆಯಲ್ಲಿ. ಆ ಖಾತೆ ಇನ್ನೂ ತೆರೆದೇ ಇರುವ ಬೇರೆ ಯಂತ್ರ ಇದೆಯೇ? ಹಳೆಯ ಲ್ಯಾಪ್‌ಟಾಪ್, ಮೊಮ್ಮಗಳ ಟ್ಯಾಬ್, ಯಾವುದಾದರೂ. ಅದರಲ್ಲಿ ಯಾವ ಕಾರಣಕ್ಕೂ ಲಾಗ್‌ಔಟ್ ಆಗಬೇಡಿ. ಆಮೇಲೆ ಬ್ಯಾಕಪ್ ಕೋಡುಗಳು. ಗೂಗಲ್ ಖಾತೆಗಾದರೆ ಎಂಟೆಂಟು ಅಂಕಿಯ ಹತ್ತು ಕೋಡು, ಒಂದೊಂದು ಒಂದೇ ಸಲಕ್ಕೆ. ಹೊಸ ಪಟ್ಟಿ ತೆಗೆದರೆ ಹಳೆಯದು ರದ್ದು. ಇವೆರಡೂ ಇಲ್ಲವೆಂದರೆ ಮಾತ್ರ ಖಾತೆ ಮರಳಿ ಪಡೆಯುವ ಪುಟಕ್ಕೆ ಹೋಗಬೇಕು. ಅಲ್ಲಿ ಜನ ಎಡವುವುದನ್ನು ನೋಡಿದ್ದೇನೆ. ಗಾಬರಿಯಲ್ಲಿ ಸೈಬರ್ ಕೆಫೆಗೆ ಓಡುತ್ತಾರೆ, ಗೆಳೆಯನ ಫೋನ್ ಹಿಡಿಯುತ್ತಾರೆ. ನೀವು ದಿನಾ ಬಳಸುತ್ತಿದ್ದ ಯಂತ್ರ, ಅದೇ ಬ್ರೌಸರ್, ದಿನಾ ಕೂರುತ್ತಿದ್ದ ಜಾಗ, ಇವೂ ನೀವು ನೀವೇ ಎನ್ನುವುದಕ್ಕೆ ಸಾಕ್ಷಿ ಹೇಳುತ್ತವೆ. ಮನೆಯಲ್ಲೇ ಕೂತು ಮಾಡಿ. ಕೆಲವು ದಿನ ಕಾಯಿರಿ ಎಂದರೆ ಕಾಯಿರಿ. ಆ ಅವಧಿ ಇರುವುದು ಕಳ್ಳನೊಬ್ಬ ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿದ್ದರೆ ನಿಮಗೆ ತಿಳಿಯಲಿ ಎಂದು. ವಾಟ್ಸ್‌ಆಪ್‌ನ ಆರು ಅಂಕಿಯ ಪಿನ್ ಮರೆತು, ಇಮೇಲನ್ನೂ ಕೊಟ್ಟಿರದವರು ಏಳು ದಿನ ಕಾಯಬೇಕಾಗುವುದೂ ಇದೇ ಕಾರಣಕ್ಕೆ.

ಸಿಮ್ಮೇ ಕಳೆದಿದ್ದರೆ ದಾರಿ ಬೇರೆ. ಗುರುತಿನ ಚೀಟಿ ಕೊಟ್ಟು ಅದೇ ನಂಬರಿಗೆ ಹೊಸ ಸಿಮ್ ಪಡೆಯಬಹುದು; ಸಿಮ್ ಬದಲಾದ ಮೊದಲ 24 ಗಂಟೆ ಎಸ್ಎಂಎಸ್ ತಡೆಹಿಡಿಯಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಆದೇಶಿಸಿದೆ. ಓಟಿಪಿ ಬರಲಿಲ್ಲವೆಂದು ಆ ಒಂದು ದಿನ ಕಂಗೆಡಬೇಡಿ.

ಕಂಗೆಟ್ಟವರಿಗಾಗಿಯೇ ಕಾದಿರುವವರು ಇದ್ದಾರೆ, ನನ್ನ ಭಯ ಅದೇ. ಹುಡುಕಿದಾಗ ಸಿಗುವ ಯಾವುದೋ 'ಕಸ್ಟಮರ್ ಕೇರ್' ನಂಬರಿಗೆ ಕರೆ ಮಾಡಿ, ಅವರು ಹೇಳಿದ ಆಪ್ ಹಾಕಿಕೊಂಡು, ಮೇಲ್ ಹುಡುಕಲು ಹೋಗಿ ಬ್ಯಾಂಕಿನ ಹಣ ಕಳೆದುಕೊಳ್ಳುವವರಿದ್ದಾರೆ. ಖಾತೆ ಬಿಡಿಸಿಕೊಡಲು ದುಡ್ಡು ಕೇಳಿದವನು, ಓಟಿಪಿ ಓದಿ ಹೇಳಿ ಅಂದವನು ಮೋಸಗಾರನೇ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ.

ಕಾಕಾರನ್ನು ಕೇಳಿದೆ, ಮಗ ಹಾಕಿಕೊಟ್ಟದ್ದು ಯಾವ ಯಂತ್ರದಲ್ಲಿ ಕೂತು? ಅವರು ಎದ್ದು ಹೋಗಿ ಬೀರುವಿನ ಮೇಲಿನಿಂದ ಧೂಳು ಹಿಡಿದ ಲ್ಯಾಪ್‌ಟಾಪ್ ಇಳಿಸಿ ತಂದರು. ಚಾರ್ಜ್ ಆಗಲು ಅರ್ಧ ಗಂಟೆ ಬೇಕಾಯಿತು. ಮೇಲ್ ತೆರೆದರೆ ಪಾಸ್‌ವರ್ಡ್ ಕೇಳಿತು, ಅಂಕಿ ಕೇಳಲಿಲ್ಲ. ಈ ಕಂಪ್ಯೂಟರಿನಲ್ಲಿ ಮತ್ತೆ ಕೇಳಬೇಡ ಎಂಬ ಚೌಕಕ್ಕೆ ಮಗ ಅಂದು ಟಿಕ್ ಹಾಕಿದ್ದನಂತೆ. ಸೆಕ್ಯುರಿಟಿ ಪುಟದಲ್ಲಿ ಹಳೆಯ ಅಥೆಂಟಿಕೇಟರ್ ತೆಗೆದು ಹೊಸ ಕ್ಯೂಆರ್ ಬರಿಸಿದೆವು. ಹೊಸ ಫೋನಿನ ಬಿಳಿ ಪರದೆಯ ಮೇಲೆ ಆರು ಅಂಕಿ ಮೂಡಿದವು, ಪಕ್ಕದಲ್ಲಿ ಮೂವತ್ತು ಸೆಕೆಂಡಿನ ಪುಟ್ಟ ವೃತ್ತ ಸವೆಯತೊಡಗಿತು.

ಬ್ಯಾಕಪ್ ಕೋಡುಗಳನ್ನು ಪ್ರಿಂಟ್ ತೆಗೆಯೋಣವೆಂದೆ. ಕಾಕಾ ಬೇಡವೆಂದು, ಡ್ರಾಯಿಂಗಿಗೆ ಅಳತೆ ಬರೆಯುವ ಹಾಗೆ ಮೊನಚು ಪೆನ್ಸಿಲಿನಲ್ಲಿ ಒಂದೊಂದೇ ಅಂಕಿ ಬರೆದುಕೊಂಡರು, ಎರಡು ಸಲ ತಾಳೆ ನೋಡಿದರು. ಆ ಚೀಟಿ ಈಗ ಅವರ ವರ್ನಿಯರ್ ಕ್ಯಾಲಿಪರಿನ ಮರದ ಡಬ್ಬಿಯಲ್ಲಿದೆ. ಆ ಡಬ್ಬಿಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.