ತಪ್ಪಿದ ಪೈಪಿಗೊಂದು ಗೆರೆ

ಮೊನ್ನೆ ಸಂದರ್ಶನವೊಂದರಲ್ಲಿ ‘ನಿಮ್ಮ ದೊಡ್ಡ ಸಾಧನೆ ಯಾವುದು?’ ಎಂದು ಕೇಳಿದರು. ಡಿಗ್ರಿ ಅಂಕಗಳನ್ನು ಒಪ್ಪಿಸಿ ಎದ್ದು ಬಂದೆ. ನಿಜವಾದ ಉತ್ತರ ಹೊಳೆದದ್ದು ಬಸ್ಸು ಹತ್ತಿದ ಮೇಲೆ: ಸೂಪರ್ ಮಾರಿಯೊ ಗೆದ್ದದ್ದು!

ಅಪ್ಪ ಜಾತ್ರೆಯಲ್ಲಿ ಕೊಡಿಸಿದ್ದ ಟಿ.ವಿ. ಗೇಮ್ ಅದು. 1985ರಲ್ಲಿ ಬಂದ ಆ ಆಟದಲ್ಲಿ 8 ಲೋಕ, ಒಂದೊಂದರಲ್ಲಿ 4 ಹಂತ, ಒಟ್ಟು 32. ಆಡಿದಷ್ಟನ್ನು ಸೇವ್ ಮಾಡುವಂತಿರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಬೇಸಿಗೆ ರಜೆಯಲ್ಲಿ ನಮ್ಮೂರಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ.

ಕೊನೆಯ ಕೋಟೆಯೋ ಪೈಪುಗಳ ಚಕ್ರವ್ಯೂಹ. ತಪ್ಪು ಪೈಪಿಗಿಳಿದರೆ ಶುರುವಿಗೇ ವಾಪಸ್. ನಾನು ರಿಮೋಟ್ ಎಸೆದು ಅಳುತ್ತಿದ್ದೆ. ಅಕ್ಕ ಮಾತ್ರ ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೈಪುಗಳ ನಕ್ಷೆ ಬರೆದು, ತಪ್ಪಿದ್ದರ ಮೇಲೆಲ್ಲ ಗೆರೆ ಎಳೆಯುತ್ತಿದ್ದಳು. ಹಾಳೆ ತುಂಬ ಗೆರೆಗಳಾದ ಮೇಲೊಂದು ಮಧ್ಯಾಹ್ನ ‘ಈಗ ಇಳಿ’ ಎಂದಳು. ಇಳಿದೆ. ಬೌಸರ್‌ನನ್ನು ದಾಟಿ ಕೊಡಲಿ ಮುಟ್ಟಿದೆ. ಸೇತುವೆ ಮಾಯವಾಗಿ ಅವನು ಲಾವಾಕ್ಕೆ ಬಿದ್ದ. ರಾಜಕುಮಾರಿ ಸಿಕ್ಕಳು! ನಾವು ಕುಣಿದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಓಡಿಬಂದರು.

ಪಿಯುಸಿ ಮುಗಿಯುತ್ತಲೇ ಅಕ್ಕನ ಮದುವೆಯಾಯಿತು. ಅವಳ ಓದು ಅಲ್ಲಿಗೇ ನಿಂತಿತು. ನಕ್ಷೆ ಬರೆದವಳು ಅವಳು, ಡಿಗ್ರಿ ಸಿಕ್ಕಿದ್ದು ನನಗೆ.

ಬಸ್ಸಿನಿಂದಲೇ ಫೋನ್ ಮಾಡಿದೆ. ‘ಅಕ್ಕಾ, ಆ ಕೊನೇ ಕೋಟೆ ನೆನಪಿದ್ಯಾ?’

‘ಅದನ್ನ ಮರೀತೀನೇನೋ! ಇಂಟರ್‌ವ್ಯೂ ಏನಾಯ್ತು?’

‘ಇದೂ ತಪ್ಪು ಪೈಪು ಅನ್ಸುತ್ತೆ.’

ಅವಳು ನಕ್ಕಳು. ‘ಸರಿ, ಗೆರೆ ಎಳಿ. ಮುಂದಿನದು ಯಾವಾಗ?’