ಇಂದ್ರನನ್ನು ಮರೆತ ಪಾರಿಜಾತ

ಪುರಾಣದ ಪಾರಿಜಾತದಲ್ಲಿ ಯುದ್ಧವಿದೆ. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಅವಳನ್ನು ಒಲಿಸಲು ಗರುಡನೇರಿ ಹೋಗಿ, ಇಂದ್ರನನ್ನು ಸೋಲಿಸಿ, ಮರವನ್ನೇ ಕಿತ್ತು ತಂದ. ಮುಧೋಳ, ಜಮಖಂಡಿ, ಬೀಳಗಿ ಸೀಮೆಯ ಜಾತ್ರೆಗಳಲ್ಲಿ ಬೆಳಗಿನ ತನಕ ನಡೆಯುವ ‘ಶ್ರೀಕೃಷ್ಣ ಪಾರಿಜಾತ’ ಬಯಲಾಟಕ್ಕೆ ಕೂತವರು ಆ ಯುದ್ಧಕ್ಕೆ ಕಾಯುವುದಿಲ್ಲ. ಭಾಮೆ ಜಡೆ ಬೀಸುತ್ತ ಬರಬೇಕು, ಗಂಡನ ಮೇಲೆ ಸಿಟ್ಟಾಗಬೇಕು, ಅದಕ್ಕೆ ಕಾಯುತ್ತಾರೆ. ಸ್ವರ್ಗದ ಕಥೆ ಇಬ್ಬರು ಹೆಂಡಿರ ಮನೆಯ ಕಥೆಯಾಯಿತು. ಹೀಗೆ ಆಗಿದ್ದರಲ್ಲೇ ಈ ಆಟದ ಜೀವವಿದೆ.

ಆಟ ಹುಟ್ಟಿದ್ದು ಒಬ್ಬನ ಕೈಯಲ್ಲಲ್ಲ. ಮೊದಲು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ ಇದನ್ನು ಹಾಡುಗಳಲ್ಲಿ ಕಟ್ಟಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಹೆಸರಿನ ಇನ್ನೊಬ್ಬ, ಕುಲಗೋಡ ತಮ್ಮಣ್ಣ, ಅದನ್ನು ತಿದ್ದಿ, ಬೆಳೆಸಿ, ಮೇಳ ಕಟ್ಟಿ ಕುಣಿಸಿದ. ಕುಲಗೋಡ ಈಗ ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ಮುಧೋಳ ತಾಲ್ಲೂಕಿನ ಲೋಕಾಪುರದಿಂದ ಯಾದವಾಡದ ದಾರಿ ಹಿಡಿದರೆ ದೂರವೇನಲ್ಲ. ಆಟ ಇತ್ತ ಬಂದು ಬೇರುಬಿಟ್ಟದ್ದು ಸಹಜ.

ಮುನಿದ ಭಾಮೆ ಹೊಸಬಳೇನಲ್ಲ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ಬರೆದು ಅವಳ ಕಾಲನ್ನು ಕೃಷ್ಣನ ತಲೆಗೇ ತಾಗಿಸಿದ್ದ. ಕೂಚಿಪುಡಿಯ ‘ಭಾಮಾಕಲಾಪ’ವೂ ಅವಳದೇ. ಆದರೆ ನಮ್ಮ ಕಡೆಯ ಆಟದಲ್ಲಿ ಅವಳ ಮಗ್ಗುಲಿಗೆ ದೂತಿ ಇದ್ದಾಳೆ. ಭಾಗವತ ಮತ್ತು ಹಿಮ್ಮೇಳದವರು ಹಾರ್ಮೋನಿಯಂ, ತಬಲಾ, ತಾಳದೊಂದಿಗೆ ರಾಗವೆಳೆದು ಹಾಡಿ ಮುಗಿಸುತ್ತಲೇ ಮಾತು ಶುರು. ಹಾಡಿನ ಭಾಷೆ ಗ್ರಂಥದ್ದು, ದೂತಿಯದು ಸಂತೆಯದು. ಭಾಮೆ ವಿರಹದಿಂದ ಬೇಯುವಾಗ ಈಕೆ ಪಕ್ಕದಲ್ಲಿ ನಿಂತು ‘ಯಾಕವ್ವ ಹಿಂಗ ಮಾಡ್ತಿ’ ಎಂಬ ಧಾಟಿಯಲ್ಲಿ ಕೆಣಕುತ್ತಾಳೆ. ಕಬ್ಬಿನ ರೇಟು, ಊರ ಗೌಡರ ಜಿಪುಣತನ, ಯಾವುದೂ ಅವಳ ಬಾಯಿಗೆ ಬರಬಾರದೆಂದಿಲ್ಲ. ಬರೆದ ಪ್ರತಿಯಲ್ಲಿ ಇಲ್ಲದ ಈ ಮಾತುಗಳೇ ಪ್ರತಿ ರಾತ್ರಿ ಆಟವನ್ನು ಹೊಸದಾಗಿಸುತ್ತವೆ. ಮುನ್ನುಡಿಯಂತೆ ಬರುವ ಗೊಲ್ಲತಿಯ ಪ್ರಸಂಗ, ಕಣಿ ಹೇಳುವ ಕೊರವಂಜಿ, ಇವೂ ಅದೇ ಬಾಬತ್ತು: ದ್ವಾರಕೆಗೆ ನಮ್ಮೂರಿನವರೇ ಬಂದುಬಿಡುತ್ತಾರೆ.

ಭಾಮೆಯ ಸೀರೆ ಬಹುಕಾಲ ಗಂಡಸರ ಮೈಮೇಲೇ ಇತ್ತು. 1995ರಲ್ಲಿ ಲಂಡನ್ನಿನಲ್ಲಿ ಮ್ಯಾಥ್ಯೂ ಬೋರ್ನ್ ‘ಸ್ವಾನ್ ಲೇಕ್’ ಬ್ಯಾಲೆಯ ಹಂಸಗಳನ್ನು ಗಂಡಸರಿಂದ ಕುಣಿಸಿದ್ದು ಜಗತ್ತಿಗೆ ದೊಡ್ಡ ಸುದ್ದಿ. ನಮ್ಮಲ್ಲಿ ಸುದ್ದಿಯಾಗಬೇಕಾದದ್ದು ಇದರ ತಿರುವುಮುರುವು: ಹೆಣ್ಣಿನ ಪಾತ್ರಕ್ಕೆ ಹೆಣ್ಣೇ ಬಂದದ್ದು. ಕೌಜಲಗಿ ನಿಂಗಮ್ಮ ರಂಗಕ್ಕಿಳಿದು, ಪಾರಿಜಾತವೆಂದರೆ ನಿಂಗಮ್ಮ ಎನ್ನುವಷ್ಟು ಹೆಸರಾದರು. ಮರಾಠಿ ರಂಗಭೂಮಿಯಲ್ಲೂ ಹೀಗೊಂದು ನಡೆಯಿತು. ‘ಸಂಗೀತ ಸ್ವಯಂವರ’ದ ರುಕ್ಮಿಣಿಯಾಗಿ ಮೆರೆದಿದ್ದ ನಟ ಬಾಲಗಂಧರ್ವರ ಕಂಪನಿಯಲ್ಲಿ ಮುಂದೆ ಹೆಣ್ಣುಪಾತ್ರಗಳನ್ನು ವಹಿಸಿಕೊಂಡವರು ಬೀಳಗಿಯ ಗೋಹರಬಾಯಿ ಕರ್ನಾಟಕಿ, ಹಿಂದಿ ಸಿನಿಮಾದಲ್ಲಿ ಹಾಡಿ ಹೆಸರಾದ ಅಮೀರಬಾಯಿಯ ಸೋದರಿ. ನಿಂಗಮ್ಮ, ಗೋಹರಬಾಯಿ ಇಬ್ಬರಿಗೂ ಸಿಕ್ಕ ಮರ್ಯಾದೆ ಮಾತ್ರ ಅವರ ಕಂಠಕ್ಕೆ ತಕ್ಕಷ್ಟಿರಲಿಲ್ಲವೆಂದೇ ನನ್ನ ಅನಿಸಿಕೆ.

ಧಾರವಾಡದಿಂದ ಬಸವಲಿಂಗಯ್ಯ ಹಿರೇಮಠ ಮತ್ತು ವಿಶ್ವೇಶ್ವರಿ ಹಿರೇಮಠ ದಂಪತಿ ಪಾರಿಜಾತವನ್ನು ಪಟ್ಟಣದ ವೇದಿಕೆಗಳಿಗೆ ಒಯ್ದರು. ಅಲ್ಲಿಗೆ ಬಂದಾಗ ರಾತ್ರಿಯಿಡೀ ಆಡುವ ಆಟ ಎರಡು ತಾಸಿಗೆ ಇಳಿಯಲೇಬೇಕು. ಕುಗ್ಗಿಸುವುದಕ್ಕೆ ನನ್ನ ತಕರಾರಿಲ್ಲ. ಕುಲಗೋಡದವನೂ ಅಪರಾಳದವನದನ್ನು ಕೈಯಾಡಿಸಿಯೇ ಬೆಳೆಸಿದ್ದು. ಆದರೆ ಸಮಯ ಸಾಲದೆಂದು ಕತ್ತರಿ ಹಾಕುವವರು ಮೊದಲು ದೂತಿಯ ಮಾತಿಗೆ ಕೈ ಹಚ್ಚುತ್ತಾರೆ, ಹಾಡು ಉಳಿಸಿಕೊಳ್ಳುತ್ತಾರೆ. ಬೇಕಿದ್ದರೆ ನಾರದನ ಒಂದು ಪದ ಕಡಿಮೆ ಮಾಡಲಿ, ದೂತಿಯನ್ನು ಮುಟ್ಟದಿರಲಿ.